ಬಂಡೆಗೆ ರೂಪ ಕೊಡುವುದು ಬಿರುಕು: ನಮ್ಮ ನಗರಗಳ ಆಸುಪಾಸಿನ ಶಿಲಾವಿಸ್ಮಯಗಳು

ಮುಂಬಯಿಯ ಅಂಧೇರಿ ಪಶ್ಚಿಮದಲ್ಲಿ ಗಿಲ್ಬರ್ಟ್ ಹಿಲ್ ಎಂಬ ಕಪ್ಪು ಶಿಲೆಯ ಗುಡ್ಡವೊಂದು ಕಟ್ಟಡಗಳ ನಡುವೆ ನೆಟ್ಟಗೆ ನಿಂತಿದೆ. ಹೈದರಾಬಾದಿನ ಗಚ್ಚಿಬೌಲಿ, ಖಾಜಾಗುಡ ಕಡೆಗಳಲ್ಲಿ ಆನೆಗಾತ್ರದ ಉರುಟು ಬಂಡೆಗಳು ಒಂದರ ಮೇಲೊಂದು ಕುಳಿತಿವೆ. ಚೆನ್ನೈಯಿಂದ ಮಾಮಲ್ಲಪುರಕ್ಕೆ ಹೋದವರು ಇಳಿಜಾರಿನಲ್ಲಿ ಈಗಲೋ ಆಗಲೋ ಉರುಳಿಬಿಡುವಂತೆ ತೋರುವ ಗುಂಡುಕಲ್ಲಿನ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳದೆ ಮರಳುವುದು ಅಪರೂಪ. ಪುಣೆಯವರಿಗೆ ನಿಘೋಜ್ ಗ್ರಾಮದ ನದೀಪಾತ್ರದಲ್ಲಿ ಕಲ್ಲಿನ ಗುಡಾಣಗಳಿವೆ. ದೆಹಲಿಯವರ ಕಾಲ ಕೆಳಗೇ ಅರಾವಳಿಯ ಬಾಲವಿದೆ. ರಜೆಯಲ್ಲಿ ಊರಿಗೆ ಬಂದಾಗ ಮಕ್ಕಳನ್ನು ಕರೆದುಕೊಂಡು ಹೋಗುವ ಹಂಪಿ, ಯಾಣ, ಬಾದಾಮಿ, ಮಲ್ಪೆಯ ದ್ವೀಪಗಳಂತೂ ಎಲ್ಲರಿಗೂ ಪರಿಚಿತವೇ.

ಇವುಗಳನ್ನು ಕಂಡಾಗ ಮಕ್ಕಳು ಕೇಳುವ ಪ್ರಶ್ನೆ ಒಂದೇ: ಇದನ್ನು ಹೀಗೆ ಮಾಡಿದವರು ಯಾರು? ಮಳೆ, ಗಾಳಿ, ಬಿಸಿಲು ಎಂಬ ಶಾಲಾಪುಸ್ತಕದ ಉತ್ತರ ತಪ್ಪಲ್ಲ, ಆದರೆ ಅರ್ಧ ಮಾತ್ರ. ಒಂದೇ ಮಳೆ ಒಂದೇ ಬಿಸಿಲು ಹಂಪಿಯಲ್ಲಿ ಗುಂಡನ್ನೂ, ಸಾವನದುರ್ಗದಲ್ಲಿ ಬೋಳು ಗುಮ್ಮಟವನ್ನೂ ಏಕೆ ಮಾಡಿತು? ಇದಕ್ಕೆ ಉತ್ತರ ಬಂಡೆಯ ಹೊರಗಿಲ್ಲ, ಒಳಗಿದೆ. ಶಿಲೆಯೊಳಗೆ ಬಿರುಕುಗಳು ಎಲ್ಲಿ, ಯಾವ ದಿಕ್ಕಿನಲ್ಲಿ, ಎಷ್ಟು ಅಂತರದಲ್ಲಿ ಮೂಡಿವೆ ಎಂಬುದೇ ಮುಂದೆ ಅದು ತಳೆಯುವ ಆಕಾರದ ನಕ್ಷೆಯಾಗಿರುತ್ತದೆ. ನೀರು ಮತ್ತು ಕಾಲ ಆ ನಕ್ಷೆಯಂತೆ ಕೆಲಸ ಮಾಡುವ ಕೂಲಿಗಳೆಂದರೆ ತಪ್ಪಾಗದು.

ಉರುಟು ಬಂಡೆಗಳು

ಹಂಪಿಗೆ ಮೊದಲ ಸಲ ಹೋದವರ ಕಣ್ಣಿಗೆ ದೇವಾಲಯಗಳಿಗಿಂತ ಮೊದಲು ಬೀಳುವುದು ಬಂಡೆಗಳ ರಾಶಿ. ಮಾತಂಗ, ಹೇಮಕೂಟ, ಮಾಲ್ಯವಂತ ಬೆಟ್ಟಗಳೆಲ್ಲ ಯಾರೋ ಪುರುಸೊತ್ತಿನಲ್ಲಿ ಪೇರಿಸಿಟ್ಟ ಕಲ್ಲುಗುಂಡುಗಳಂತೆ ಕಾಣುತ್ತವೆ. ಇದು ಕಿಷ್ಕಿಂಧೆ, ವಾಲಿ ಸುಗ್ರೀವರು ಕಾದಾಡುವಾಗ ಒಬ್ಬರ ಮೇಲೊಬ್ಬರು ಎಸೆದ ಕಲ್ಲುಗಳಿವು ಎಂಬುದು ಜನರ ನಂಬಿಕೆ. ಹಂಪಿಯ ದಾರಿಯಲ್ಲಿ ಒಂದಕ್ಕೊಂದು ಒರಗಿ ನಿಂತ ಎರಡು ಹೆಬ್ಬಂಡೆಗಳಿಗೆ ಅಕ್ಕ-ತಂಗಿ ಗುಂಡು ಎಂಬ ಹೆಸರಿದ್ದು, ಊರನ್ನು ಹಳಿದ ಇಬ್ಬರು ಸೋದರಿಯರು ಕಲ್ಲಾದರೆಂಬ ಕಥೆಯೂ ಇದೆ. ಯಾರೋ ಎಸೆದದ್ದು, ಎಲ್ಲಿಂದಲೋ ಉರುಳಿ ಬಂದದ್ದು ಎಂಬ ಭಾವನೆ ಸಹಜವಾದದ್ದೇ. ಆದರೆ ಈ ಬಂಡೆಗಳಲ್ಲಿ ಬಹುಪಾಲು ಎಲ್ಲಿಂದಲೂ ಬಂದವಲ್ಲ. ಅವು ಹುಟ್ಟಿದ ಜಾಗದಲ್ಲೇ ಇವೆ. ಅವುಗಳ ಸುತ್ತ ಇದ್ದದ್ದು ಹೊರಟುಹೋಗಿದೆ.

ಇದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಗ್ರಾನೈಟ್ ಹುಟ್ಟುವುದು ನೆಲದ ಮೇಲಲ್ಲ. ಹಲವು ಕಿಲೋಮೀಟರುಗಳ ಆಳದಲ್ಲಿ ಕರಗಿದ ಶಿಲಾಪಾಕವು ಲಕ್ಷಾಂತರ ವರ್ಷ ನಿಧಾನವಾಗಿ ತಣಿದು, ಬೆಣಚು, ಫೆಲ್ಡ್‌ಸ್ಪಾರ್, ಅಭ್ರಕಗಳ ಹರಳುಗಳು ಒಂದನ್ನೊಂದು ಹೆಣೆದುಕೊಂಡು ಗಟ್ಟಿಯಾದಾಗ ಗ್ರಾನೈಟ್ ಆಗುತ್ತದೆ. ತಣಿದ ವಸ್ತು ಕುಗ್ಗುತ್ತದೆ, ಕುಗ್ಗಿದಾಗ ಬಿರಿಯುತ್ತದೆ. ಮುಂದೆ ಭೂಮಿಯ ಒಳಗಿನ ಒತ್ತಡ ಸೆಳೆತಗಳು ಇನ್ನಷ್ಟು ಬಿರುಕುಗಳನ್ನು ಸೇರಿಸುತ್ತವೆ. ಸಾಮಾನ್ಯವಾಗಿ ಎರಡು ಸಾಲು ಬಿರುಕುಗಳು ನೆಟ್ಟಗೆ, ಒಂದನ್ನೊಂದು ಕತ್ತರಿಸಿಕೊಂಡು, ಮೂರನೆಯ ಸಾಲು ಅಡ್ಡಡ್ಡವಾಗಿ ಇರುತ್ತದೆ. ಹೀಗೆ ಅಖಂಡವೆಂದು ತೋರುವ ಶಿಲೆ ನೆಲದೊಳಗೆ ಇರುವಾಗಲೇ, ಗಾರೆಯಿಲ್ಲದೆ ಕಟ್ಟಿದ ಗೋಡೆಯಂತೆ, ದೊಡ್ಡ ದೊಡ್ಡ ಚೌಕ ಗಟ್ಟಿಗಳಾಗಿ ವಿಭಾಗವಾಗಿರುತ್ತದೆ.

ಮೇಲಿನ ಪದರಗಳು ಸವೆದು ಗ್ರಾನೈಟ್ ನೆಲಮಟ್ಟಕ್ಕೆ ಹತ್ತಿರವಾದಾಗ ಮಳೆನೀರು ಈ ಬಿರುಕುಗಳಲ್ಲಿ ಇಳಿಯುತ್ತದೆ. ಮಳೆನೀರು ಬರಿಯ ನೀರಲ್ಲ. ಗಾಳಿಯಲ್ಲಿಯೂ ಮಣ್ಣಿನಲ್ಲಿಯೂ ಇರುವ ಇಂಗಾಲದ ಡೈಆಕ್ಸೈಡ್ ಕರಗಿ ಅದು ತುಸು ಆಮ್ಲೀಯವಾಗಿರುತ್ತದೆ. ಅದು ತಾಗಿದಲ್ಲಿ ಫೆಲ್ಡ್‌ಸ್ಪಾರ್ ಜೇಡಿಯಾಗುತ್ತದೆ. ಹಿಡಿದಿಟ್ಟ ಬಂಧ ಸಡಿಲವಾಗಿ ಬೆಣಚಿನ ಹರಳು ಮರಳಾಗಿ ಉದುರುತ್ತದೆ. ಗಟ್ಟಿಯ ಚಪ್ಪಟೆ ಮುಖಕ್ಕೆ ನೀರಿನ ದಾಳಿ ಒಂದೇ ಕಡೆಯಿಂದ, ಅಂಚಿಗೆ ಎರಡು ಕಡೆಯಿಂದ, ಮೂಲೆಗೆ ಮೂರು ಕಡೆಯಿಂದ. ಆದ್ದರಿಂದ ಮೂಲೆ ಮೊದಲು ಹೋಗುತ್ತದೆ, ಅಂಚು ಆಮೇಲೆ. ಅಚ್ಚುಬೆಲ್ಲದ ತುಂಡನ್ನು ಬಾಯಲ್ಲಿಟ್ಟುಕೊಂಡ ಮಗು ಸ್ವಲ್ಪ ಹೊತ್ತಿಗೆ ಅದನ್ನು ತೆಗೆದು ನೋಡಿದರೆ ಮೂಲೆಗಳು ಮಾಯವಾಗಿ ಉರುಟಾಗಿರುವುದಿಲ್ಲವೇ, ಹಾಗೆ. ಇದೆಲ್ಲ ನಡೆಯುವುದು ನೆಲದಡಿಯಲ್ಲಿ, ನಮ್ಮ ಕಣ್ಣಿಗೆ ಮರೆಯಾಗಿ. ಚೌಕ ಗಟ್ಟಿ ಗುಂಡಾಗುವ ಹೊತ್ತಿಗೆ ಅದರ ಸುತ್ತ ಕೊಳೆತ ಕಲ್ಲಿನ ಪುಡಿ, ನಾವು ಗರಸು ಎನ್ನುವ ಮಣ್ಣು, ತುಂಬಿರುತ್ತದೆ. ಮನೆಗೆ ಅಸ್ತಿವಾರ ತೋಡುವಾಗ ಗರಸಿನ ನಡುವೆ ಗಟ್ಟಿ ಗುಂಡೊಂದು ಎದುರಾಗಿ ಕೆಲಸ ನಿಂತದ್ದನ್ನು ಬೆಂಗಳೂರು, ಹೈದರಾಬಾದುಗಳಲ್ಲಿ ಮನೆ ಕಟ್ಟಿಸಿದವರು ಬಲ್ಲರು. ಆ ಗುಂಡು ಇನ್ನೂ ಹೊರಬರದ ಹಂಪಿಯ ಬಂಡೆಯೇ.

ಕೊನೆಯ ಹಂತ ಸುಲಭದ್ದು. ಮಳೆ, ಹೊಳೆ ಗರಸನ್ನು ಕೊಚ್ಚಿಕೊಂಡು ಹೋಗುತ್ತವೆ. ಗುಂಡುಗಳು ತಮ್ಮ ಕೆಳಗಿನ ಗುಂಡುಗಳ ಮೇಲೆ ಮೆಲ್ಲಗೆ ಕುಳಿತುಕೊಳ್ಳುತ್ತವೆ. ಪೇರಿಸಿದಂತೆ ಕಾಣುವ ಬೆಟ್ಟ ತಯಾರು. ಬಿರುಕುಗಳು ಹತ್ತಿರ ಹತ್ತಿರ ಇದ್ದಲ್ಲಿ ಸಣ್ಣ ಗುಂಡು, ದೂರ ಇದ್ದಲ್ಲಿ ಮನೆಗಾತ್ರದ್ದು.

ಬಿರುಕೇ ವಿರಳವಾದಲ್ಲಿ? ಅಲ್ಲಿ ಸಾವನದುರ್ಗ, ಮಧುಗಿರಿಗಳಂಥ ಏಕಶಿಲಾ ಬೆಟ್ಟಗಳು ಉಳಿಯುತ್ತವೆ. ರಾಮನಗರದಿಂದ ಉತ್ತರಕ್ಕೆ ಸುಮಾರು 400 ಕಿ.ಮೀ. ಉದ್ದಕ್ಕೆ ಹಬ್ಬಿರುವ, ಸುಮಾರು 250 ಕೋಟಿ ವರ್ಷ ವಯಸ್ಸಿನ ಗ್ರಾನೈಟ್ ಪಟ್ಟಿಯನ್ನು ಭೂವಿಜ್ಞಾನಿಗಳು ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುತ್ತಾರೆ. ಕ್ಲೋಸ್‌ಪೇಟೆ ಎಂಬುದು ಬ್ರಿಟಿಷರ ಕಾಲದಲ್ಲಿ ರಾಮನಗರಕ್ಕಿದ್ದ ಹೆಸರು. 1975ರಲ್ಲಿ ತೆರೆಕಂಡ 'ಶೋಲೆ' ಚಿತ್ರದಲ್ಲಿ ಗಬ್ಬರ್ ಸಿಂಗನ ಬೀಡಾಗಿ ದೇಶಕ್ಕೆಲ್ಲ ಪರಿಚಯವಾದ ಬಂಡೆಗಳು ಇವೇ. ಉತ್ತರ ಭಾರತದ ನೆರೆಹೊರೆಯವರಿಗೆ ಕರ್ನಾಟಕದ ಭೂವಿಜ್ಞಾನವನ್ನು ಪರಿಚಯಿಸಲು ಇದಕ್ಕಿಂತ ಸುಲಭವಾದ ದಾರಿ ಇನ್ನೊಂದಿಲ್ಲ! ಏಕಶಿಲಾ ಬೆಟ್ಟಗಳಲ್ಲಿ ಮತ್ತೊಂದು ಬಗೆಯ ಬಿರುಕು ಕಾಣುತ್ತದೆ. ಆಳದಲ್ಲಿ ಅಪಾರ ಭಾರ ಹೊತ್ತಿದ್ದ ಶಿಲೆ, ಮೇಲಿನ ಹೊರೆ ಇಳಿದಂತೆ ಹಿಗ್ಗಿ, ಮೇಲ್ಮೈಗೆ ಸಮಾನಾಂತರವಾಗಿ ಈರುಳ್ಳಿಯ ಸಿಪ್ಪೆಯಂತೆ ಪದರು ಪದರಾಗಿ ಬಿಡಿಸಿಕೊಳ್ಳುತ್ತದೆ. ಪದರು ಜಾರಿ ಬಿದ್ದಂತೆಲ್ಲ ಬೆಟ್ಟದ ಬೆನ್ನು ನುಣುಪಾಗುತ್ತ ಹೋಗುತ್ತದೆ.

ಶ್ರವಣಬೆಳಗೊಳದ ವಿಂಧ್ಯಗಿರಿಯ ನೆತ್ತಿಯಲ್ಲಿ, ಕ್ರಿ.ಶ. 981ರ ಸುಮಾರಿಗೆ ಚಾವುಂಡರಾಯ ಮಾಡಿಸಿದ ಸುಮಾರು 58 ಅಡಿ ಎತ್ತರದ ಗೊಮ್ಮಟಮೂರ್ತಿಯನ್ನು ಹೊರಗಿನಿಂದ ತಂದು ನಿಲ್ಲಿಸಿದ್ದಲ್ಲ, ಬೆಟ್ಟದ ಬಂಡೆಯಲ್ಲೇ ಕಡೆದದ್ದು. ತಲೆಯಿಂದ ಪಾದದವರೆಗೆ ಕೆಲಸ ಕೆಡಿಸುವಂಥ ಬಿರುಕಿಲ್ಲದ ಅಷ್ಟೆತ್ತರದ ಕಲ್ಲನ್ನು ಹೊರಗಿನಿಂದ ನೋಡಿಯೇ ಗುರುತಿಸಿದವನು ಯಾರೇ ಇರಲಿ, ಅವನ ಶಿಲಾಜ್ಞಾನಕ್ಕೆ ತಲೆಬಾಗಬೇಕು. ಆ ಮೂರ್ತಿಯ ಪಾದದ ಬಳಿ ಕನ್ನಡದೊಡನೆ ತಮಿಳು, ಮರಾಠಿ ಬರಹಗಳೂ ಇವೆ ಎಂಬುದನ್ನು ಚೆನ್ನೈ, ಮುಂಬಯಿ, ಪುಣೆಗಳ ನಮ್ಮ ಓದುಗರು ಮಕ್ಕಳಿಗೆ ತಪ್ಪದೆ ತೋರಿಸಬೇಕು.

ಹೈದರಾಬಾದಿನ ಗ್ರಾನೈಟಿಗೂ ವಯಸ್ಸು ಸುಮಾರು 250 ಕೋಟಿ ವರ್ಷ. ಉರುಟಾದ ಬಗೆಯೂ ಹಂಪಿಯದೇ. ಗೋಲ್ಕೊಂಡ ಕೋಟೆಯನ್ನು ಗಮನವಿಟ್ಟು ನೋಡಿದರೆ ಗೋಡೆ ಕಟ್ಟಿದವರು ಅಲ್ಲಲ್ಲಿ ಸಹಜ ಬಂಡೆಯನ್ನೇ ಗೋಡೆಯ ಭಾಗವಾಗಿ ಬಿಟ್ಟುಕೊಂಡಿರುವುದು ತಿಳಿಯುತ್ತದೆ. ಹೈದರಾಬಾದ್ ವಿಶ್ವವಿದ್ಯಾಲಯದ ಬಳಿಯ ಅಣಬೆ ಬಂಡೆ ಇಲ್ಲಿಯ ಪ್ರಸಿದ್ಧ ರೂಪಗಳಲ್ಲೊಂದು. ಇಂಥ ಬಂಡೆಗಳ ಬುಡ ಕಿರಿದಾಗಿ ಮೇಲೆ ಛತ್ರಿಯಂತೆ ಹರಡಿರುವುದಕ್ಕೆ ಬೀಸುಗಾಳಿಯೇ ಕಾರಣವೆಂದು ಹಲವರು ಭಾವಿಸುತ್ತಾರೆ. ಮರುಭೂಮಿಯಲ್ಲದ ಸೀಮೆಯಲ್ಲಿ ಗಾಳಿಗೆ ಅಷ್ಟು ಕಸುವಿಲ್ಲ. ಒದ್ದೆ ಮಣ್ಣಿನಲ್ಲಿ ಹುಗಿದಿದ್ದ ಬುಡಭಾಗ ಒಣಗಿದ ಮೇಲ್ಭಾಗಕ್ಕಿಂತ ಬೇಗ ಕೊಳೆಯುತ್ತದೆ. ಮಣ್ಣು ಸರಿದ ಮೇಲೆ ಸಣಕಲು ಕಾಲು ಹೊರಗೆ ಕಾಣುತ್ತದೆ.

ಮಾಮಲ್ಲಪುರದ ಗುಂಡನ್ನು ಕೃಷ್ಣನ ಬೆಣ್ಣೆಮುದ್ದೆ ಎಂದು ಕರೆಯುವುದುಂಟು. ತಮಿಳಿನ ಹಳೆಯ ಹೆಸರು ವಾನ್ ಇರೈ ಕಲ್. ಸುಮಾರು 6 ಮೀಟರ್ ಎತ್ತರ, 5 ಮೀಟರ್ ಅಗಲ, ಅಂದಾಜು 250 ಟನ್ ತೂಕ. ನೆಲಕ್ಕೆ ತಾಗಿರುವುದು 4 ಅಡಿಗೂ ಕಡಿಮೆ ಜಾಗ. 1908ರಲ್ಲಿ ಮದರಾಸಿನ ಗವರ್ನರ್ ಆರ್ಥರ್ ಲಾಲಿ ಏಳು ಆನೆಗಳನ್ನು ಕಟ್ಟಿ ಎಳೆಸಿದರೂ ಕಲ್ಲು ಕದಲಲಿಲ್ಲವೆಂಬ ಕಥೆ ಬಹು ಪ್ರಚಲಿತ. ಆನೆಗಳ ಮಾತು ಹೇಗೇ ಇರಲಿ, ಕಲ್ಲು ಉರುಳದಿರುವುದರಲ್ಲಿ ಪವಾಡವಿಲ್ಲ: ಅದರ ಗುರುತ್ವಕೇಂದ್ರದಿಂದ ಇಳಿಬಿಟ್ಟ ರೇಖೆ ಆ ಸಣ್ಣ ಪಾದದೊಳಗೇ ಬೀಳುತ್ತದೆ, ಒರಟು ಗ್ರಾನೈಟಿನ ಘರ್ಷಣೆ ಜಾರದಂತೆ ಹಿಡಿದಿಡುತ್ತದೆ. ಹಿಂಬದಿಗೆ ಹೋಗಿ ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಮುಂದಿನಿಂದ ಪೂರ್ಣ ಗುಂಡಾಗಿ ತೋರುವ ಕಲ್ಲಿನ ಹಿಂಭಾಗ ಕತ್ತರಿಸಿದಂತೆ ಇದೆ. ಅಲ್ಲಿಯ ತುಂಡು ಎಂದೋ ಕಳಚಿಹೋಗಿದೆ. ಹೆಚ್ಚಿನವರು ಮುಂಬದಿಯಲ್ಲೇ ಕೈ ಕೊಟ್ಟು ಕಲ್ಲು ಹಿಡಿದಂತೆ ಚಿತ್ರ ತೆಗೆಸಿಕೊಂಡು ಹಿಂದಿರುಗುವುದರಿಂದ ಇದನ್ನು ಕಾಣುವುದೇ ಇಲ್ಲ.

ಕಂಬಗಳಾದ ಲಾವಾ

ಗ್ರಾನೈಟಿನ ಕಥೆ ನಿಧಾನದ್ದಾದರೆ ಲಾವಾದ ಕಥೆ ತುಸು ಅವಸರದ್ದು. ನೆಲದ ಮೇಲೆ ಹರಿದ ಲಾವಾ ಗಾಳಿ ತಾಗುವ ಮೇಲ್ಭಾಗದಲ್ಲೂ ತಣ್ಣನೆಯ ನೆಲ ತಾಗುವ ಅಡಿಭಾಗದಲ್ಲೂ ಮೊದಲು ಗಟ್ಟಿಯಾಗುತ್ತದೆ. ತಣಿದ ಪದರ ಕುಗ್ಗಲೆಳಸುತ್ತದೆ, ಆದರೆ ಪಕ್ಕದ ಕಲ್ಲು ಬಿಡುವುದಿಲ್ಲ. ಆ ಎಳೆದಾಟದಲ್ಲಿ ಬಿರುಕು ಮೂಡುತ್ತದೆ. ಬೇಸಗೆಯಲ್ಲಿ ಒಣಗಿದ ಕೆರೆಯಂಗಳದ ಕೆಸರು ಬಿರಿಯುವುದನ್ನು ನೋಡಿದವರಿಗೆ ಇದು ಹೊಸತಲ್ಲ. ಎಲ್ಲ ಕಡೆಗೂ ಒಂದೇ ಪ್ರಮಾಣದ ಸೆಳೆತವಿದ್ದಾಗ ಬಿರುಕುಗಳು ಮೂರು ಮೂರಾಗಿ, ನಡುವೆ ಸುಮಾರು 120 ಡಿಗ್ರಿಯ ಕೋನದಲ್ಲಿ ಕೂಡುವತ್ತ ಸಾಗುತ್ತವೆ. ಹಾಗೆ ಕೂಡಿದ ಬಿರುಕುಗಳು ಸುತ್ತುವರಿದ ಆಕೃತಿ ಷಟ್ಕೋನ. ಜೇನುಗೂಡಿನ ಕಣ್ಣಿನ ಆಕಾರವೂ ಇದೇ. ಕೆಸರಿನಲ್ಲಿ ಬಿರುಕು ಕೆಲವು ಅಂಗುಲ ಇಳಿದು ನಿಲ್ಲುತ್ತದೆ. ಲಾವಾದಲ್ಲಿ ಶಾಖ ಒಳಗೊಳಗೆ ಇಳಿದಂತೆ ಬಿರುಕೂ ಅದರ ಬೆನ್ನುಹತ್ತಿ ಒಳಕ್ಕಿಳಿಯುತ್ತದೆ. ಇಡೀ ಲಾವಾ ಪದರ ಆರು ಮುಖದ, ಅಲ್ಲಲ್ಲಿ ಐದು ಅಥವಾ ಏಳು ಮುಖದ ಕಂಬಗಳ ಕಟ್ಟಾಗುತ್ತದೆ. ನಿಧಾನವಾಗಿ ತಣಿದರೆ ದಪ್ಪ ಕಂಬ, ಬೇಗ ತಣಿದರೆ ಸಣ್ಣ ಕಂಬ.

ಮಲ್ಪೆಯ ಕಡಲಿನ ಸೇಂಟ್ ಮೇರೀಸ್ ದ್ವೀಪಗಳಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಕರಾವಳಿ ಮೂಲದ ಮುಂಬಯಿ ಕುಟುಂಬಗಳಿಗೆ ತೋನ್ಸೆಪಾರ್ ಎಂಬ ಹೆಸರಿನಿಂದಲೂ ಪರಿಚಿತವಾಗಿರುವ ತಾಣವಿದು. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದನೆಂಬ ಐತಿಹ್ಯದಿಂದ ಈ ಹೆಸರು ಬಂತು. ಇಲ್ಲಿಯ ಶಿಲೆ ದಖನ್ನಿನ ಬಸಾಲ್ಟ್ ಅಲ್ಲ, ಅದಕ್ಕಿಂತ ಹಳೆಯದಾದ, ಸಿಲಿಕಾ ಹೆಚ್ಚಿರುವ ಲಾವಾ. ವಯಸ್ಸು ಸುಮಾರು 8.8 ಕೋಟಿ ವರ್ಷ. ಆಗ ಭಾರತ ಮತ್ತು ಮಡಗಾಸ್ಕರ್ ಒಂದಕ್ಕೊಂದು ಅಂಟಿಕೊಂಡಿದ್ದು ಬೇರ್ಪಡುತ್ತಿದ್ದವು. ಆ ಬೇರ್ಪಡೆಯ ಕಾಲದಲ್ಲಿ ಉಕ್ಕಿದ ಲಾವಾ ಇದು. ಅದೇ ಕಾಲದ ಜ್ವಾಲಾಮುಖಿ ಶಿಲೆಗಳು ಇಂದು ಸಾವಿರಾರು ಕಿ.ಮೀ. ದೂರದ ಮಡಗಾಸ್ಕರಿನಲ್ಲಿಯೂ ಇವೆ. ಎಂದರೆ ಇಲ್ಲಿ ಎರಡು ಬಿರುಕುಗಳ ಕಥೆಯಿದೆ: ಭೂಖಂಡವನ್ನೇ ಸೀಳಿದ ಒಂದು, ಕಂಬದ ಪಕ್ಕದ ಕೂದಲೆಳೆಯಂಥ ಇನ್ನೊಂದು.

ಇಂಥದೇ ಕಂಬಗಳು ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇಯಲ್ಲಿ ಸುಮಾರು 40,000 ಇವೆ. ದೈತ್ಯನೊಬ್ಬ ಸಮುದ್ರ ದಾಟಲು ಹಾಕಿದ ಕಲ್ಲುಹಾಸು ಎಂಬುದು ಅಲ್ಲಿಯವರ ಕಥೆ. ಹಂಪಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದ 1986ರಲ್ಲಿಯೇ ಅದೂ ಸೇರಿತು.

ಈಗ ಅಂಧೇರಿಗೆ ಬರೋಣ. ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಡೈನೋಸಾರುಗಳ ಕೊನೆಗಾಲದಲ್ಲಿ, ಪಶ್ಚಿಮ ಭಾರತದಲ್ಲಿ ಲಾವಾ ಪದರದ ಮೇಲೆ ಪದರವಾಗಿ ಹರಿಯಿತು. ಅದು ಇಂದಿಗೂ ಸುಮಾರು 5 ಲಕ್ಷ ಚದರ ಕಿ.ಮೀ. ಪ್ರದೇಶವನ್ನು ಆವರಿಸಿದೆ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ ಸೀಮೆಗಳ ಕಪ್ಪು ಎರೆಮಣ್ಣು ಈ ಲಾವಾ ಕೊಳೆತು ಆದದ್ದೇ. ಮುಂಬಯಿ-ಪುಣೆ ಘಟ್ಟದಲ್ಲಿ ಹೋಗುವಾಗ ಬೆಟ್ಟಗಳ ಪಾರ್ಶ್ವ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಒಂದೊಂದು ಮೆಟ್ಟಿಲೂ ಒಂದು ಲಾವಾ ಹರಿವಿನ ಗುರುತು. ದಖನ್ ಟ್ರ್ಯಾಪ್ ಎಂಬ ಹೆಸರಿನ ಟ್ರ್ಯಾಪ್ ಶಬ್ದಕ್ಕೆ ಸ್ವೀಡಿಶ್ ಮೂಲದಲ್ಲಿ ಮೆಟ್ಟಿಲು ಎಂಬುದೇ ಅರ್ಥ. ಈ ಲಾವಾಯುಗಕ್ಕೆ ಸೇರಿದ ಗಿಲ್ಬರ್ಟ್ ಹಿಲ್ ಸುಮಾರು 61 ಮೀಟರ್, ಎಂದರೆ 200 ಅಡಿ ಎತ್ತರದ ನೆಟ್ಟನೆಯ ಬಸಾಲ್ಟ್ ಕಂಬಗಳ ಕಟ್ಟು. ಕಲ್ಲಿನಲ್ಲೇ ಕಡೆದ ಮೆಟ್ಟಿಲು ಹತ್ತಿದರೆ ನೆತ್ತಿಯಲ್ಲಿ ಗಾಂವ್‌ದೇವಿ, ದುರ್ಗಾಮಾತೆಯರ ಗುಡಿಗಳು, ಕೆಳಗೆ ಸುತ್ತಲೂ ಮಹಾನಗರ.

ಇದನ್ನು ಅಮೆರಿಕದ ವಯೋಮಿಂಗ್ ರಾಜ್ಯದ ಡೆವಿಲ್ಸ್ ಟವರ್ ಜೊತೆ ಹೋಲಿಸುವುದುಂಟು. ಶಿಲೆ ಬೇರೆಯಾದರೂ ಕಂಬಗಳ ರಚನೆ ಅದೇ. ಅದು 1906ರಲ್ಲಿ ಅಮೆರಿಕದ ಮೊತ್ತಮೊದಲ ರಾಷ್ಟ್ರೀಯ ಸ್ಮಾರಕವೆಂದು ಘೋಷಿತವಾಯಿತು. ಅದರ ಸುತ್ತ ಇಂದಿಗೂ ಹುಲ್ಲುಗಾವಲು, ಪೈನ್ ಮರಗಳು. ನಮ್ಮ ಗಿಲ್ಬರ್ಟ್ ಹಿಲ್ ಕಥೆಗೆ ಮುಂದೆ ಬರುತ್ತೇವೆ.

ನೀರಿನ ಕೆಲಸ

ಉತ್ತರ ಕನ್ನಡದ ಕುಮಟಾ ತಾಲೂಕಿನ ಯಾಣ ಬೇರೊಂದು ಜಾತಿ. ಇಲ್ಲಿಯದು ಕಪ್ಪು ಸುಣ್ಣಕಲ್ಲು. ಗ್ರಾನೈಟಿನಲ್ಲಿ ಆಮ್ಲೀಯ ನೀರು ಒಂದು ಖನಿಜವನ್ನು ಮಾತ್ರ ಕೆಡಿಸಿದರೆ ಸುಣ್ಣಕಲ್ಲನ್ನು ಅದು ಕರಗಿಸಿಯೇಬಿಡುತ್ತದೆ. ಅಲ್ಲಿಯ ಭಾರಿ ಮಳೆ, ದಟ್ಟ ಕಾಡಿನ ಕೊಳೆತ ಎಲೆಗಳು ನೀರಿನ ಹುಳಿಯನ್ನು ಹೆಚ್ಚಿಸುತ್ತವೆ. ನೆಟ್ಟನೆಯ ಬಿರುಕುಗಳಲ್ಲಿ ಇಳಿದ ನೀರು ಅವನ್ನು ಓಣಿಗಳಾಗಿ ಅಗಲಿಸಿತು. ಓಣಿಗಳ ನಡುವೆ ಉಳಿದದ್ದು ಸುಮಾರು 120 ಮೀಟರ್ ಎತ್ತರದ ಭೈರವೇಶ್ವರ ಶಿಖರ, 90 ಮೀಟರಿನ ಮೋಹಿನಿ ಶಿಖರ. ಭಸ್ಮಾಸುರ ಉರಿದುಹೋದ ಜಾಗವಾದ್ದರಿಂದ ಕಲ್ಲೂ ಮಣ್ಣೂ ಕಪ್ಪು ಎಂಬುದು ಸ್ಥಳಪುರಾಣ. ಸೊಕ್ಕಿದ್ದವನು ಯಾಣಕ್ಕೆ, ರೊಕ್ಕಿದ್ದವನು ಗೋಕರ್ಣಕ್ಕೆ ಎಂದು ಹಿರಿಯರು ಹೇಳುತ್ತಿದ್ದ ಕಾಲ ಹೋಗಿ ಈಗ ಶಿಖರಗಳ ಹತ್ತಿರದವರೆಗೂ ವಾಹನ ಹೋಗುವುದರಿಂದ ಅಜ್ಜ-ಅಜ್ಜಿಯರನ್ನೂ ಕರೆದೊಯ್ಯಬಹುದು. ಶಿಖರದ ಬುಡದ ಸೀಳಿನೊಳಗೆ ನಡೆದು ಆಕಾಶ ನೋಡಿದರೆ, ನಾವು ನಿಂತಿರುವುದೇ ಅಗಲವಾದ ಒಂದು ಬಿರುಕಿನಲ್ಲಿ ಎಂಬುದು ಹೊಳೆಯುತ್ತದೆ.

ಬಾದಾಮಿಯ ಮರಳುಗಲ್ಲಿನಲ್ಲಿ ಪದರುಗಳು ಅಡ್ಡಡ್ಡ, ಬಿರುಕುಗಳು ನೆಟ್ಟಗೆ. ಆದ್ದರಿಂದ ಅಲ್ಲಿ ಬಂಡೆ ಉರುಟಾಗುವುದಿಲ್ಲ. ಗೋಡೆಯಂತೆ ಸೀಳಿ ಬೀಳುತ್ತದೆ. ಅಗಸ್ತ್ಯತೀರ್ಥದ ಸುತ್ತಲಿನ ಕಡಿದಾದ ಕೆಂಪು ಬಂಡೆಗಳು ಹಾಗೆ ಆದವು. ಕೆಂಪಿಗೆ ಕಾರಣ ಕಬ್ಬಿಣದ ತುಕ್ಕು. ಊರಿನಿಂದ ಸ್ವಲ್ಪ ದೂರದ ಸಿಡಿಲಫಡಿಯಲ್ಲಿ ಸಹಜವಾದ ಕಲ್ಲಿನ ಕಮಾನೊಂದಿದ್ದು, ಆದಿಮಾನವರು ಅದರ ನೆರಳಿನಲ್ಲಿ ವಾಸಿಸಿದ ಕುರುಹುಗಳು ದೊರೆತಿವೆ. ಸಿಡಿಲು ಹೊಡೆದು ತೂತಾಯಿತೆಂದು ಹೆಸರೇ ಹೇಳುತ್ತದೆ. ವಾಸ್ತವದಲ್ಲಿ ಕೆಳಗಿನ ಮೆದು ಪದರುಗಳು ಸವೆದು ಕಳಚಿ, ಮೇಲಿನ ಗಟ್ಟಿ ಪದರು ತನ್ನ ಭಾರವನ್ನು ಎರಡು ಬದಿಗೂ ಹಂಚಿ ನಿಂತಾಗ ಕಮಾನು ಉಳಿಯುತ್ತದೆ. ಬೆಟ್ಟ ಹತ್ತಿ ವೆಂಕಟೇಶ್ವರನ ದರ್ಶನಕ್ಕೆ ಹೋಗುವ ಸಾವಿರಾರು ಕನ್ನಡಿಗರಲ್ಲಿ ತಿರುಮಲದ ಶಿಲಾತೋರಣವನ್ನು ನೋಡಿಬರುವವರು ಎಷ್ಟು ಮಂದಿಯೋ! ದೇವಸ್ಥಾನದಿಂದ ಸುಮಾರು ಒಂದು ಕಿ.ಮೀ. ದೂರದಲ್ಲಿರುವ, ಸುಮಾರು 8 ಮೀಟರ್ ಅಗಲ, 3 ಮೀಟರ್ ಎತ್ತರದ ಈ ಕಮಾನು ಇನ್ನೂ ಗಟ್ಟಿಯಾದ ಕ್ವಾರ್ಟ್‌ಜೈಟಿನದು.

ದೆಹಲಿಯ ರಿಜ್ ಕೂಡ ಇದೇ ಗಟ್ಟಿ ಕಲ್ಲು. ರಾಷ್ಟ್ರಪತಿ ಭವನ ನಿಂತಿರುವ ರೈಸಿನಾ ಗುಡ್ಡ ಅರಾವಳಿಯ ಚಾಚು. ಅಲ್ಲಿ ಕಣ್ಸೆಳೆಯುವ ಆಕಾರಗಳು ಕಡಿಮೆ, ನಿಜ. ಎತ್ತರದ ಪರ್ವತವೊಂದು ಸವೆದು ಸವೆದು ಕೊನೆಗೆ ಎಷ್ಟು ಉಳಿಯುತ್ತದೆ ಎಂಬುದನ್ನು ನೋಡಲು ಮಾತ್ರ ಅದು ಒಳ್ಳೆಯ ಜಾಗ.

ನಿಘೋಜ್ ಪುಣೆ ಮತ್ತು ಅಹಿಲ್ಯಾನಗರ (ಹಿಂದಿನ ಅಹಮದನಗರ) ಜಿಲ್ಲೆಗಳ ಗಡಿಯಲ್ಲಿದೆ. ಅಲ್ಲಿ ಕುಕಡಿ ನದಿ ಬಸಾಲ್ಟ್ ಹಾಸಿನ ಮೇಲೆ ಹರಿಯುತ್ತದೆ. ಪ್ರವಾಹದ ಸುಳಿಯಲ್ಲಿ ಸಿಕ್ಕ ಬೆಣಚುಕಲ್ಲು, ಮರಳು ಕಲ್ಲಿನ ಬಿರುಕು ಅಥವಾ ತಗ್ಗಿನಲ್ಲಿ ಗಿರ್ರನೆ ಸುತ್ತಿ, ಬೀಸುವ ಕಲ್ಲಿನಂತೆ ಉಜ್ಜಿ ಉಜ್ಜಿ ಆಳವಾದ ಗುಂಡಿ ಕೊರೆಯುತ್ತವೆ. ಮಳೆಗಾಲಕ್ಕೊಮ್ಮೆ ಮಾತ್ರ ಕೆಲಸ, ಉಳಿದ ದಿನ ರಜೆ. ಪಕ್ಕಪಕ್ಕದ ಗುಂಡಿಗಳು ದೊಡ್ಡದಾಗಿ ಕೂಡಿಕೊಂಡಾಗ ನದಿಯೇ ಆಳದ ಕಂದರಕ್ಕೆ ಇಳಿಯುತ್ತದೆ. ಮರಾಠಿಗರು ಇವನ್ನು ರಾಂಜಣ, ಎಂದರೆ ನೀರಿನ ಗುಡಾಣ, ಎನ್ನುತ್ತಾರೆ. ಕಾವೇರಿ ಮೇಕೆದಾಟಿನಲ್ಲಿ ಇಕ್ಕಟ್ಟಾದ ಕಲ್ಲಿನ ಸಂದಿಯಲ್ಲಿ ಹರಿಯುವೆಡೆಯೂ ಇಂಥ ಗುಂಡಿಗಳು ಧಾರಾಳವಾಗಿವೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಆಂಧ್ರಕ್ಕೆ ಹೋಗಿ ಪೆನ್ನಾ ಎನಿಸಿಕೊಂಡು, ಗಂಡಿಕೋಟದ ಬಳಿ ಕೆಂಪು ಕಲ್ಲಿನ ಆಳವಾದ ಕಂದರವನ್ನು ಕೊರೆದಿದೆ. ಹೈದರಾಬಾದಿನ ಕನ್ನಡಿಗರು ಒಂದು ವಾರಾಂತ್ಯವನ್ನು ಅದಕ್ಕೆಂದು ಮೀಸಲಿಡಬಹುದು.

ಉಳಿ, ಬೆಣೆ, ಸಿಡಿಮದ್ದು

ಬಿರುಕಿನ ಗುಟ್ಟು ನಿಸರ್ಗಕ್ಕಷ್ಟೇ ತಿಳಿದದ್ದಲ್ಲ. ಹಂಪಿಯ ಬಂಡೆಗಳ ಮೇಲೆ ಒಂದೇ ಗೆರೆಯಲ್ಲಿ ಕೊರೆದ ಸಣ್ಣ ಚೌಕ ಗುಳಿಗಳ ಸಾಲು ಅಲ್ಲಲ್ಲಿ ಕಾಣುತ್ತದೆ. ಗುಳಿಗಳಲ್ಲಿ ಬೆಣೆ ಬಡಿದು ಬಂಡೆಯನ್ನು ಬೇಕಾದ ಗೆರೆಯಲ್ಲಿ ಸೀಳುತ್ತಿದ್ದ ವಿಜಯನಗರದ ಕಲ್ಲುಕುಟಿಗರ ಗುರುತು ಅದು. ಬೆಂಗಳೂರಿನ ಸುತ್ತ ಹಿಂದೆ ಹಾಸುಬಂಡೆಯ ಮೇಲೆ ಸೌದೆಯ ಬೆಂಕಿಯನ್ನು ಮೆಲ್ಲಗೆ ಸರಿಸುತ್ತ ಹೋಗಿ, ಕಾದು ಹಿಗ್ಗಿದ ಮೇಲ್ಪದರನ್ನು ಕೆಲವೇ ಅಂಗುಲ ದಪ್ಪದ ಅಗಲವಾದ ಹಾಳೆಯಾಗಿ ಎಬ್ಬಿಸುತ್ತಿದ್ದರು. ಸಾವನದುರ್ಗದ ಬೆನ್ನಿನಲ್ಲಿ ನಿಸರ್ಗ ಮಾಡುವ ಕೆಲಸವನ್ನೇ ಅವರು ಒಂದು ದಿನದಲ್ಲಿ ಮಾಡಿಕೊಳ್ಳುತ್ತಿದ್ದರು. ಹಳೆಯ ಮನೆಗಳ ಚಪ್ಪಡಿಗಳಲ್ಲಿ ಎಷ್ಟೋ ಹಾಗೆ ಬಂದವು.

ಸಿಡಿಮದ್ದು ಮತ್ತು ಯಂತ್ರಗಳು ಬಂದ ಮೇಲೆ ಈ ಲೆಕ್ಕ ತಪ್ಪಿತು. ಗಿಲ್ಬರ್ಟ್ ಹಿಲ್ ಸುತ್ತಲಿನ ಕಲ್ಲನ್ನು ವರ್ಷಗಟ್ಟಲೆ ಕ್ವಾರಿಯವರು ಒಡೆದು ಸಾಗಿಸಿದರು. ಇಂದು ನಿಂತಿರುವುದು ಅವರು ಬಿಟ್ಟದ್ದು. 1952ರಲ್ಲಿ ಕೇಂದ್ರ ಸರ್ಕಾರ ಅದಕ್ಕೆ ರಕ್ಷಣೆ ಘೋಷಿಸಿತಾದರೂ ಕಲ್ಲು ಒಡೆಯುವುದು ನಿಲ್ಲಲಿಲ್ಲ. 2007ರಲ್ಲಿ ಬೃಹನ್ಮುಂಬಯಿ ಮಹಾನಗರಪಾಲಿಕೆ ಅದನ್ನು ಎರಡನೆಯ ದರ್ಜೆಯ ಪಾರಂಪರಿಕ ತಾಣವೆಂದು ಸಾರಿತು. ಕಂಬಗಳ ಕಟ್ಟಿಗೆ ಸುತ್ತಲಿನ ಕಲ್ಲೇ ಆಸರೆ. ಆ ಆಸರೆ ತೆಗೆದಾಗ ಹೊರಸಾಲಿನ ಕಂಬಗಳು ನೆಟ್ಟನೆಯ ಬಿರುಕಿನಗುಂಟ ಬಿಡಿಸಿಕೊಳ್ಳುವುದು ಸಹಜ. ಬುಡಕ್ಕೆ ಒತ್ತಿಕೊಂಡು ಮನೆಗಳಿರುವುದರಿಂದ ಇದು ಬರಿಯ ಪರಂಪರೆಯ ಪ್ರಶ್ನೆಯಲ್ಲ, ಜನರ ಜೀವದ ಪ್ರಶ್ನೆ.

ಹೈದರಾಬಾದಿನಲ್ಲಿ ಕಳೆದುಕೊಂಡದ್ದು ಇನ್ನೂ ಹೆಚ್ಚು. ಬಂಜಾರಾ ಹಿಲ್ಸ್, ಜುಬಿಲಿ ಹಿಲ್ಸ್ ಬಡಾವಣೆಗಳು ಎದ್ದಿರುವುದೇ ಬಂಡೆಗಳ ನಡುವೆ. 1998ರಲ್ಲಿ ಸೈಬರ್ ಟವರ್ಸ್ ತೆರೆದ ಮೇಲೆ ನಗರ ಪಶ್ಚಿಮಕ್ಕೆ ಬೆಳೆದಂತೆ ಗುಡ್ಡಗಳು ಒಂದೊಂದಾಗಿ ಜಲ್ಲಿಯಾದವು. ಬಂಡೆಗಳ ಉಳಿವಿಗಾಗಿಯೇ 1996ರಲ್ಲಿ ಹುಟ್ಟಿದ ಸೊಸೈಟಿ ಟು ಸೇವ್ ರಾಕ್ಸ್ ಎಂಬ ನಾಗರಿಕ ಸಂಸ್ಥೆ ಬಂಡೆಗಳ ನಡುವೆ ಕಾಲ್ನಡಿಗೆಗಳನ್ನು ಏರ್ಪಡಿಸುತ್ತ ಜನರಲ್ಲಿ ಅರಿವು ಮೂಡಿಸಲು ಶ್ರಮಿಸಿದೆ. ಕಂಚ ಗಚ್ಚಿಬೌಲಿಯ 400 ಎಕರೆ ಜಾಗದಲ್ಲಿ ಮರ ಕಡಿಯುವುದಕ್ಕೆ 2025ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ತಡೆ ನೀಡಿದಾಗ ಸುದ್ದಿಯಲ್ಲಿ ಮರ, ಜಿಂಕೆ, ನವಿಲುಗಳ ಮಾತೇ ಹೆಚ್ಚಾಗಿತ್ತು. ಮರ ಕಡಿದರೆ ಮತ್ತೆ ನೆಡಬಹುದು. ಬಂಡೆಯನ್ನು ನೆಡುವ ಉಪಾಯವಿಲ್ಲ. ಆದರೂ ಬಂಡೆಗೆ ವಕೀಲರು ಕಡಿಮೆ.

ಕಾನೂನು ಕೂಡ ಇತ್ತೀಚಿನವರೆಗೆ ಬಂಡೆಯನ್ನು ಅಷ್ಟಾಗಿ ಗಮನಿಸಿಲ್ಲ. ಬಂಡೆಯೊಳಗೆ ಗುಹಾಲಯ ಕಡೆದರೆ ಅದು ಸ್ಮಾರಕ. ಕಡೆಯದೆ ಬಿಟ್ಟರೆ ಕಟ್ಟಡದ ಸಾಮಗ್ರಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಕೆಲವು ತಾಣಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂದು ಗುರುತಿಸಿದೆ. ಅವುಗಳಲ್ಲಿ ಕರ್ನಾಟಕದವು ನಾಲ್ಕು: ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡ ಗೋಪುರ ನಿಂತಿರುವ, ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಬಂಡೆ, ಸೇಂಟ್ ಮೇರೀಸ್ ದ್ವೀಪಗಳ ಕಂಬಗಳು, ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ನೀರಿನಡಿ ಉಕ್ಕಿ ದಿಂಬಿನಾಕಾರ ತಳೆದ ಲಾವಾ, ಕೋಲಾರ ಚಿನ್ನದ ಗಣಿ ಸೀಮೆಯ ಜ್ವಾಲಾಮುಖಿ ಶಿಲೆಗಳು. ಈ ಗೌರವದ ಹಿಂದೆ ಪ್ರತ್ಯೇಕ ಕಾನೂನಿನ ಬಲವಿಲ್ಲದ್ದರಿಂದ ಕೇಂದ್ರ ಗಣಿ ಸಚಿವಾಲಯ 2022ರ ಡಿಸೆಂಬರಿನಲ್ಲಿ ಭೂಪರಂಪರೆ ತಾಣಗಳ ರಕ್ಷಣೆಗೆಂದು ಮಸೂದೆಯ ಕರಡನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿತು. 2025ರ ಸೆಪ್ಟೆಂಬರಿನಲ್ಲಿ ಸೇಂಟ್ ಮೇರೀಸ್ ದ್ವೀಪಗಳು, ಪಂಚಗಣಿ-ಮಹಾಬಳೇಶ್ವರದ ದಖನ್ ಟ್ರ್ಯಾಪ್, ತಿರುಮಲ ಬೆಟ್ಟಗಳು ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದವು. ಉಡುಪಿ, ಪುಣೆ, ಚೆನ್ನೈ ಕಡೆಯ ಕನ್ನಡಿಗರಿಗೆ ಇದು ಸಂತೋಷದ ಸುದ್ದಿ. ಅಂಧೇರಿಯ ಗುಡ್ಡಕ್ಕೂ ಗಚ್ಚಿಬೌಲಿಯ ಗುಂಡುಗಳಿಗೂ ಆ ಪಟ್ಟಿಯಲ್ಲಿ ಸ್ಥಾನ ದೊರೆತಿಲ್ಲ.

ನೋಡಹೋಗುವವರಿಗೆ ಎರಡು ಮಾತು. ಮಲ್ಪೆಯಿಂದ ದ್ವೀಪಕ್ಕೆ ಹೋಗುವ ದೋಣಿಗಳು ಮಳೆಗಾಲದಲ್ಲಿ ಇರುವುದಿಲ್ಲ; ಡಿಸೆಂಬರ್, ಜನವರಿ ಅನುಕೂಲ. ನಿಘೋಜಿಗೆ ಮಳೆ ನಿಂತು ನೀರಿಳಿದ ಮೇಲೆ ಹೋಗಬೇಕು, ಗುಂಡಿಗಳ ಅಂಚಿನಲ್ಲಿ ಮಕ್ಕಳ ಕೈ ಬಿಡಬಾರದು. ಗಿಲ್ಬರ್ಟ್ ಹಿಲ್ ಮೆಟ್ಟಿಲುಗಳನ್ನು ಮುಂಬಯಿಯವರು ಯಾವ ಭಾನುವಾರವಾದರೂ ಬೆಳಿಗ್ಗೆ ಹತ್ತಿ ಬರಬಹುದು. ಹತ್ತುವ ಮುನ್ನ ಕೆಳಗೆ ನಿಂತು ಕಂಬಗಳ ಮುಖಗಳನ್ನು ಮಕ್ಕಳಿಂದ ಎಣಿಸಿ ನೋಡಿ.